ಕೊಳೆರೋಗದ ಪಾಠ: ‘ಯಾವ ಔಷಧಿ’ ಎನ್ನುವ ಮೊದಲು ‘ಯಾವಾಗ’

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆ. ತರಗತಿ ಎಂಟು, ಘಟಕ ಸೂಕ್ಷ್ಮಜೀವಿಗಳು, ತಿಂಗಳು ಜುಲೈ. ಹೊರಗೆ ಮಳೆ ಹಿಡಿದರೆ ಬಿಡುತ್ತಿರಲಿಲ್ಲ. ಪಠ್ಯಪುಸ್ತಕದಲ್ಲಿ ಸಸ್ಯರೋಗಗಳಿಗೆ ಮೂರು ಉದಾಹರಣೆಗಳಿವೆ: ನಿಂಬೆ ಜಾತಿಯ ಕ್ಯಾಂಕರ್‌ಗೆ ಬ್ಯಾಕ್ಟೀರಿಯಾ, ಗೋಧಿಯ ತುಕ್ಕು ರೋಗಕ್ಕೆ ಶಿಲೀಂಧ್ರ, ಬೆಂಡೆಯ ಹಳದಿ ನಾಳ ರೋಗಕ್ಕೆ ವೈರಸ್. ಪಾಠ ಸ್ಥಳೀಯವಾಗಿರಲಿ ಎಂದು ನಾನು ಗೋಧಿಯ ಜಾಗದಲ್ಲಿ ಅಡಿಕೆಯ ಕೊಳೆರೋಗವನ್ನು ಇಟ್ಟೆ. ಪಾಠಯೋಜನೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತಿತ್ತು.

ನಾನು ಹಾವೇರಿ ಕಡೆಯವಳು. ಗೋವಿನಜೋಳ ಬೆಳೆಯುವ ಮನೆ. ಕೊಳೆರೋಗವನ್ನು ಓದಿ ತಿಳಿದಿದ್ದೆನೇ ಹೊರತು ಒಂದು ಕೊಳೆತ ಅಡಿಕೆಯನ್ನೂ ಕೈಯಲ್ಲಿ ಹಿಡಿದಿರಲಿಲ್ಲ. ‘ರೋಗ ಕಂಡ ಕೂಡಲೇ ಬೋರ್ಡೋ ದ್ರಾವಣ ಸಿಂಪಡಿಸಬೇಕು’ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಮೇಡಂ, ಹಂಗಾದ್ರೆ ಹೋದ್ ವರ್ಷ ಉದುರಕ್ಕೆ ಶುರುವಾದ ತಕ್ಷಣ ನಮ್ಮನೇಲಿ ಔಷಧಿ ಹೊಡ್ಸಿದ್ರು. ಆದ್ರೂ ತೋಟ ಖಾಲಿ ಆಯ್ತಲ್ಲ, ಯಾಕೆ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು, “ಪ್ರಮಾಣ ಕಡಿಮೆ ಆಗಿರಬೇಕು” ಎಂದುಬಿಟ್ಟೆ.

ಪಾಠದ ನಂತರ ಮಾರ್ಗದರ್ಶಕ ಶಿಕ್ಷಕರು ಕೊಠಡಿಗೆ ಕರೆದರು. ವೀಕ್ಷಣಾ ಪುಸ್ತಕದಲ್ಲಿ ಧ್ವನಿ, ಕಪ್ಪುಹಲಗೆ ಬಳಕೆ ಎಲ್ಲಕ್ಕೂ ಒಳ್ಳೆಯ ಮಾತೇ ಬರೆದಿದ್ದರು. ಬಾಯಲ್ಲಿ ಹೇಳಿದ್ದು ಬೇರೆ: “ನೋಡಮ್ಮ, ನಿನ್ನ ಉತ್ತರ ಇವತ್ತು ಸಂಜೆ ಅವನ ಮನೆಗೆ ಹೋಗುತ್ತೆ. ಅವರಪ್ಪ ಈ ಸಲ ಎರಡು ಪಟ್ಟು ಮೈಲುತುತ್ತು ಹಾಕ್ತಾರೆ. ದುಡ್ಡೂ ಹೋಗುತ್ತೆ, ಅಡಿಕೆಯೂ ಸುಡುತ್ತೆ.” ಆ ರಾತ್ರಿ ಕುಳಿತು ಓದಿದ್ದು, ಮರುದಿನ ಹತ್ತಿರದ ತೋಟವೊಂದರಲ್ಲಿ ನೋಡಿದ್ದು, ಆಮೇಲೆ ಅದನ್ನು ತರಗತಿಗೆ ತಂದ ಬಗೆ ಈ ಲೇಖನದಲ್ಲಿದೆ.

ಕೊಳೆರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಜೀವಿ. ಬಹಳ ಕಡೆ ಇದನ್ನು ಶಿಲೀಂಧ್ರ ಎಂದೇ ಬರೆಯುತ್ತಾರೆ. ಎಳೆ ಎಳೆಯಾಗಿ ಬೆಳೆಯುವುದರಿಂದ ನೋಡಲು ಹಾಗೆಯೇ ಕಾಣುತ್ತದೆ. ಆದರೆ ನಿಜವಾದ ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಮುಖ್ಯ. ಇದರ ಭಿತ್ತಿಯಲ್ಲಿ ಸೆಲ್ಯುಲೋಸ್ ಇದೆ. ಇದು ಊಮೈಸೀಟ್ ಗುಂಪಿಗೆ ಸೇರಿದ್ದು, ಬಂಧುತ್ವದಲ್ಲಿ ಅಣಬೆಗಿಂತ ಕಂದು ಪಾಚಿಗೆ ಹತ್ತಿರ. ಎಂಟನೆಯ ತರಗತಿಗೆ ‘ಶಿಲೀಂಧ್ರದಂಥ ಜೀವಿ’ ಎಂದರೆ ಸಾಕು. ಶಿಕ್ಷಕರಿಗೆ ಮಾತ್ರ ವ್ಯತ್ಯಾಸ ಗೊತ್ತಿರಬೇಕು. ಹುಡುಗನ ಪ್ರಶ್ನೆಗೆ ಉತ್ತರ ಇರುವುದು ಈ ಗುಂಪಿನ ಒಂದು ಗುಣದಲ್ಲಿ: ಇದರ ಬೀಜಾಣುಗಳು ಈಜುತ್ತವೆ.

ಮಳೆಹನಿ ಸಿಡಿದಾಗ ಫೈಟಾಫ್ತೊರಾದ ಬೀಜಾಣು ಚೀಲಗಳು ಒಂದು ಕಾಯಿಂದ ಇನ್ನೊಂದಕ್ಕೆ, ಒಂದು ಮರದಿಂದ ಪಕ್ಕದ ಮರಕ್ಕೆ ಹಾರುತ್ತವೆ. ಕಾಯಿಯ ಮೇಲೆ ನೀರಿನ ಪೊರೆ ಇದ್ದರೆ ಚೀಲ ಒಡೆದು, ಎರಡೆರಡು ಕಶಾಂಗಗಳಿರುವ ಬೀಜಾಣುಗಳು ಹೊರಬಂದು ಆ ಪೊರೆಯಲ್ಲೇ ಈಜುತ್ತವೆ. ಆಮೇಲೆ ಒಂದು ಕಡೆ ನಿಂತು, ಕಶಾಂಗ ಕಳಚಿ, ಮೊಳಕೆಯೊಡೆದು ಸಿಪ್ಪೆಯೊಳಗೆ ಇಳಿಯುತ್ತವೆ. ತೊಟ್ಟಿನ ಬಳಿ ನೀರುಂಡಂತೆ ಕಡುಹಸಿರು ಕಲೆ ಕಾಣುವ ಹೊತ್ತಿಗೆ ರೋಗಾಣು ಒಳಗೆ ಮನೆ ಮಾಡಿ ಆಗಿದೆ. ಉದುರಿದ ಕಾಯಿಯ ಮೇಲೆ ಕಾಣುವ ಬಿಳಿ ಬೂಷ್ಟು ಅದರ ಮುಂದಿನ ಪೀಳಿಗೆಯ ಸಿದ್ಧತೆ.

ಬೋರ್ಡೋ ದ್ರಾವಣ ಕೆಲಸ ಮಾಡುವುದು ಕಾಯಿಯ ಹೊರಮೈಯಲ್ಲಿ ಮಾತ್ರ. ಒಣಗಿದ ಪೊರೆಯಿಂದ ತಾಮ್ರದ ಅಯಾನುಗಳು ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗಿ, ಈಜಿ ಬರುವ ಬೀಜಾಣುವನ್ನು ಹೊಸ್ತಿಲಲ್ಲೇ ಕೊಲ್ಲುತ್ತವೆ. ಒಳಹೊಕ್ಕ ರೋಗಾಣುವನ್ನು ಅವು ಮುಟ್ಟಲಾರವು. ನಾವು ಅದನ್ನು ‘ಔಷಧಿ’ ಎನ್ನುತ್ತೇವೆ. ಅದರ ಕೆಲಸ ಛತ್ರಿಯದ್ದು, ನೆನೆದ ಮೇಲೆ ಬಿಚ್ಚಿದರೆ ಪ್ರಯೋಜನವಿಲ್ಲ. ಮುಂಗಾರು ಹಿಡಿಯುವ ಮೊದಲೇ ಒಂದು ಸಿಂಪಡಣೆ, ಸುಮಾರು 40–45 ದಿನಗಳ ಮೇಲೆ ಮಳೆ ಬಿಡುವು ಕೊಟ್ಟಾಗ ಇನ್ನೊಂದು ಎಂದು ಹೇಳುವುದು ಈ ಕಾರಣಕ್ಕೆ. ಹುಡುಗನ ತಂದೆ ಪ್ರಮಾಣದಲ್ಲಿ ತಪ್ಪಿರಲಿಲ್ಲ, ದಿನದಲ್ಲಿ ತಪ್ಪಿದ್ದರು.

ಇದು ಹೊಸ ಜ್ಞಾನವೂ ಅಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಧ್ಯಯನ ಮಾಡಿ, 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ಸಿಂಪಡಣೆ ಇಲ್ಲಿನ ತೋಟಗಳಿಗೆ ಬಂದದ್ದು ಆ ಕೆಲಸದಿಂದ. ಅದಕ್ಕೂ ಮೊದಲು ಮಲೆನಾಡಿನವರು ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು.

ಎರಡನೆಯ ತರಗತಿಯನ್ನು ಆ ಕೊಟ್ಟೆಯಿಂದಲೇ ಆರಂಭಿಸಿದೆ. ಹಲಗೆಯ ಮೇಲೆ ತ್ರಿಕೋನ ಬರೆದು ಮೂರು ಮೂಲೆಗೆ ಗಿಡ, ರೋಗಾಣು, ಹವೆ ಎಂದು ಹೆಸರಿಟ್ಟೆ. ಮೂರೂ ಕೂಡಿದರೆ ಮಾತ್ರ ರೋಗ; ಹಾಗಾದರೆ ಯಾವ ಮೂಲೆಯನ್ನು ಕೀಳಬಹುದು? “ಮಳೆ ನಿಲ್ಸಕ್ಕಾಗಲ್ಲ ಮೇಡಂ” ಎಂದಳು ಒಬ್ಬಳು. ನಿಲ್ಲಿಸುವುದು ಬೇಡ, ಕಾಯಿಗೆ ತಾಗದ ಹಾಗೆ ಮಾಡಬಹುದೇ ಎಂದೆ. “ಕೊಟ್ಟೆ!” ಎಂದು ಮೂರು ನಾಲ್ಕು ಧ್ವನಿಗಳು ಒಟ್ಟಿಗೆ ಬಂದವು. ಹುಲ್ಲಿನ ಕೊಟ್ಟೆ ಹೋಗಿ ಈಗ ಪ್ಲಾಸ್ಟಿಕ್ ಹಾಳೆ ಬಂದಿದೆ, ಆದರೆ ಕಟ್ಟಲು ಮರ ಹತ್ತುವವರೇ ಸಿಗುವುದಿಲ್ಲ ಎಂಬ ಮಾತೂ ಅವರಿಂದಲೇ ಬಂತು. ರೋಗಾಣುವಿನ ಮೂಲೆಗೆ ಅವರು ಕೊಟ್ಟ ಉತ್ತರ, ಉದುರಿದ ಕಾಯಿ ಮತ್ತು ಕೊಳೆತ ಕೊನೆಗಳನ್ನು ಆರಿಸಿ ತೋಟದಿಂದ ಹೊರಗೆ ಸುಡುವುದು. ಕೊಳೆತ ಕೊನೆ ಮರದಲ್ಲೇ ಉಳಿದರೆ ರೋಗ ಸುಳಿಗೆ ಇಳಿದು ಮರವೇ ಸಾಯಬಹುದು ಎಂಬುದನ್ನು ಮಾತ್ರ ನಾನು ಸೇರಿಸಿದೆ.

ನಂತರ ಪ್ರಾತ್ಯಕ್ಷಿಕೆ. ಶೇಕಡಾ 1ರ ದ್ರಾವಣಕ್ಕೆ ತೋಟದಲ್ಲಿ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ನಮ್ಮ ಮೇಜಿಗೆ 10 ಗ್ರಾಂ, 10 ಗ್ರಾಂ, 1 ಲೀಟರ್. ಎರಡನ್ನೂ ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿದೆ. ಆಕಾಶನೀಲಿ ಬಣ್ಣ ಬಂದಾಗ ತರಗತಿಯಲ್ಲಿ ಸದ್ದೇ ಇಲ್ಲ. ಇನ್ನೊಂದು ಪಾತ್ರೆಯಲ್ಲಿ ಬೇಕೆಂದೇ ಸುಣ್ಣ ಕಡಿಮೆ ಹಾಕಿದ್ದೆ. ಎರಡರಲ್ಲೂ ಉಜ್ಜಿ ಹೊಳಪಿಸಿದ ಕಬ್ಬಿಣದ ಮೊಳೆ ಅದ್ದಿಸಿದೆ. ಸುಣ್ಣ ಸಾಕಾಗದ ಪಾತ್ರೆಯ ಮೊಳೆಗೆ ಕೆಂಪು ಲೇಪ ಹತ್ತಿತು. “ನಮ್ಮನೇಲಿ ಕತ್ತಿ ಅದ್ದಿ ನೋಡ್ತಾರೆ” ಎಂದ ಅದೇ ಹಿಂದಿನ ಬೆಂಚಿನ ಹುಡುಗ. ಅವರ ಮನೆಯ ಕತ್ತಿ ಮಾಡುವುದು ಹತ್ತನೆಯ ತರಗತಿಯ ಸ್ಥಾನಪಲ್ಲಟ ಕ್ರಿಯೆಯನ್ನೇ: ಕಬ್ಬಿಣವು ಬಿಡಿಯಾಗಿ ಉಳಿದ ತಾಮ್ರವನ್ನು ದ್ರಾವಣದಿಂದ ಹೊರಹಾಕುತ್ತದೆ. ಕೆಂಪು ಕಂಡರೆ ಇನ್ನಷ್ಟು ಸುಣ್ಣ ಬೇಕು, ಇಲ್ಲದಿದ್ದರೆ ಆ ತಾಮ್ರ ಕಾಯಿಯನ್ನೂ ಎಲೆಯನ್ನೂ ಸುಡುತ್ತದೆ. ಕಬ್ಬಿಣದ ಡ್ರಮ್ಮಿನಲ್ಲಿ ದ್ರಾವಣ ಏಕೆ ಮಾಡಬಾರದು ಎಂಬುದನ್ನು ಮಕ್ಕಳೇ ಹೇಳಿದರು. (ಪ್ರಶಿಕ್ಷಣಾರ್ಥಿ ಮಿತ್ರರಿಗೆ ಒಂದು ಮಾತು: ಮೈಲುತುತ್ತು ವಿಷ. ತೂಗುವುದು, ಸುರಿಯುವುದು ನಮ್ಮ ಕೈಯಲ್ಲೇ ಇರಲಿ, ಕೈಗವಸು ಹಾಕಿ. ನಾನು ಮೊದಲ ಸಲ ಮರೆತಿದ್ದೆ.)

ಹೆಚ್ಚು ಹೊಡೆದರೆ ಏನು ತೊಂದರೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ತಾಮ್ರ ಒಂದು ಧಾತು. ಅದು ಕೊಳೆತು ಇಲ್ಲವಾಗುವುದಿಲ್ಲ. ಕಾಯಿಯಿಂದ ತೊಳೆದು ಹೋದದ್ದು ಮಣ್ಣಿಗೆ ಸೇರಿ ವರ್ಷದಿಂದ ವರ್ಷಕ್ಕೆ ಕೂಡುತ್ತದೆ. ಅತಿಯಾದರೆ ಎರೆಹುಳುವಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಹಾನಿ. ಸುಸ್ಥಿರ ನಿರ್ವಹಣೆ ಎಂಬ ದೊಡ್ಡ ಪದವನ್ನು ನಾನು ಮಕ್ಕಳ ಮುಂದೆ ಬಳಸಲಿಲ್ಲ. ಸರಿಯಾದ ಎರಡು ಸಿಂಪಡಣೆ ತಪ್ಪಿದವರು ಆಮೇಲೆ ಗಾಬರಿಯಲ್ಲಿ ನಾಲ್ಕು ಹೊಡೆಯುತ್ತಾರೆ ಎಂದಷ್ಟೇ ಹೇಳಿದೆ.

ನಮ್ಮ ಗೋವಿನಜೋಳದ ಹೊಲದ ಕಥೆಯೂ ಇದೇ ಎಂದು ನನಗೆ ಹೊಳೆದದ್ದು ಆಗ. ಅಮೆರಿಕದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ಶಿವಮೊಗ್ಗದಲ್ಲೇ. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಹಿಂಬದಿಯಲ್ಲಿ ಚೌಕದಂತೆ ನಾಲ್ಕು ಚುಕ್ಕೆ. ನಮ್ಮಪ್ಪ ಔಷಧಿ ಹೊಡೆಯುತ್ತಿದ್ದದ್ದು ದೊಡ್ಡ ಹುಳು ಕಣ್ಣಿಗೆ ಬಿದ್ದಾಗ. ಅಷ್ಟರಲ್ಲಿ ಅದು ಸುಳಿಯೊಳಗೆ ಇಳಿದು, ತನ್ನ ಹಿಕ್ಕೆಯನ್ನೇ ಮುಚ್ಚಳ ಮಾಡಿಕೊಂಡು ಕೂತಿರುತ್ತದೆ. ಎಳೆಯ ಮರಿಹುಳುಗಳು ಎಲೆಯನ್ನು ಕೆರೆದು ಬಿಳಿ ಕಿಟಕಿಗಳಂತೆ ಮಾಡುತ್ತವೆ; ನೋಡಬೇಕಾದದ್ದು ಅದನ್ನು. ಕೀಟವೋ ರೋಗವೋ, ಅದರ ಜೀವನಚಕ್ರದಲ್ಲಿ ನಮ್ಮ ಕೈಗೆ ಸಿಗುವ ಹಂತ ಯಾವುದು ಎಂದು ಮೊದಲು ಕೇಳಬೇಕಿತ್ತು. ನನ್ನ ಮೊದಲ ಪಾಠಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ: ಕಾರಕ, ಲಕ್ಷಣ, ನಿಯಂತ್ರಣ ಎಂಬ ಮೂರು ಕಾಲಂ, ಮುಗಿಯಿತು. ಪರಿಷ್ಕರಿಸಿದ ಯೋಜನೆಯಲ್ಲಿ ‘ಯಾವ ಹಂತದಲ್ಲಿ’ ಎಂಬ ನಾಲ್ಕನೆಯ ಕಾಲಂ ಸೇರಿಸಿದ್ದೇನೆ. ಬೆಂಡೆಯ ಸಾಲಿನಲ್ಲಿ ಆ ಕಾಲಂ ತುಂಬುವಾಗ, ರೋಗ ವೈರಸ್‌ನದ್ದಾದರೂ ಅದನ್ನು ಹೊತ್ತು ತರುವ ಬಿಳಿನೊಣದ ಕಡೆ ಮಕ್ಕಳು ತಾವಾಗಿ ತಿರುಗಿದರು.

ಘಟಕ ಪರೀಕ್ಷೆಯಲ್ಲಿ ಕೆಲವರು ಮತ್ತೆ ‘ರೋಗ ಕಂಡ ಕೂಡಲೇ ಸಿಂಪಡಿಸಬೇಕು’ ಎಂದೇ ಬರೆದಿದ್ದಾರೆ. ನಾನೇ ಹಲಗೆಯ ಮೇಲೆ ಬರೆದಿದ್ದ ವಾಕ್ಯ ಅದು, ಅಕ್ಷರಶಃ. ಆ ಹುಡುಗನಿಗೆ ತರಗತಿಯ ಎದುರೇ ಹೇಳಿದೆ, ಅವತ್ತು ನಾನು ಹೇಳಿದ್ದು ತಪ್ಪು ಎಂದು. ಅವನಿಗೆ ಅದಕ್ಕಿಂತ ಬೇರೆಯ ಚಿಂತೆ ಇತ್ತು: “ಈ ವರ್ಷ ಒಂದ್ಸಲ ಹೊಡ್ಸಿದೀವಿ ಮೇಡಂ, ಎರಡನೇದಕ್ಕೆ ಮಳೆ ಬಿಡ್ತಾನೇ ಇಲ್ಲ. ಏನ್ ಮಾಡದು?” ಬಿಸಿಲು ಬಿದ್ದ ದಿನಕ್ಕೆ ಸುಣ್ಣ, ಮೈಲುತುತ್ತು, ಆಳು ಎಲ್ಲ ಸಿದ್ಧವಿರಲಿ, ಅಲ್ಲಿಯವರೆಗೆ ಉದುರಿದ್ದನ್ನು ದಿನವೂ ಆರಿಸಿ ಎಂದೆ. ತಲೆಯಾಡಿಸಿ ಕೂತ. ಮರುದಿನ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಳಿ ಬೂಷ್ಟು ಹಿಡಿದ ಐದಾರು ಅಡಿಕೆ ತಂದುಕೊಟ್ಟ, ಸೂಕ್ಷ್ಮದರ್ಶಕಕ್ಕೆ.