ಪದ ಒಂದೇ, ಅರ್ಥ ಎರಡು: ಚಲನೆಯ ಪಾಠಕ್ಕೆ ಮನೆಯಲ್ಲೇ ನೆರವು

ಒಂಬತ್ತನೆಯ ಅಥವಾ ಹತ್ತನೆಯ ತರಗತಿಯ ಮಗು ‘ಭೌತವಿಜ್ಞಾನ ತಲೆಗೆ ಹತ್ತುತ್ತಿಲ್ಲ’ ಎಂದರೆ ಗಡಿಭಾಗದ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು, ‘ಕನ್ನಡ ಮಾಧ್ಯಮಕ್ಕೆ ಸೇರಿಸಬಾರದಿತ್ತೇನೋ’ ಎಂಬುದು. ಪೋಷಕರೇ, ಹಾಗೆ ತೀರ್ಮಾನಿಸುವ ಮೊದಲು ಮಗುವಿನ ಪುಸ್ತಕದಲ್ಲಿ ಬಲ ಮತ್ತು ಚಲನೆಯ ಪಾಠವನ್ನು ಒಮ್ಮೆ ತೆರೆದು ನೋಡಿ. ಅಲ್ಲಿ ಮಕ್ಕಳು ಎಡವುವುದು ಹೆಚ್ಚಾಗಿ ವಿಷಯದಲ್ಲಲ್ಲ, ನಾಲ್ಕೈದು ಪದಗಳಲ್ಲಿ. ಆ ಪದಗಳನ್ನು ಬಿಡಿಸಿಕೊಡಲು ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ, ಟ್ಯೂಷನ್ ಹಣವೂ ಬೇಕಾಗಿಲ್ಲ.

ಮೊದಲನೆಯದು ‘ವೇಗ’. ಕನ್ನಡದ ವಿಜ್ಞಾನ ಪುಸ್ತಕದಲ್ಲಿ ಒಂದು ಸೆಕೆಂಡಿಗೆ ಎಷ್ಟು ದೂರ ಸಾಗಿದೆ ಎಂಬುದಷ್ಟೇ ‘ಜವ’. ಯಾವ ದಿಕ್ಕಿಗೆ ಎಂಬುದನ್ನೂ ಸೇರಿಸಿ ಹೇಳಿದರೆ ಅದು ‘ವೇಗ’. ತಮಿಳು ಪುಸ್ತಕದಲ್ಲಿ ‘ವೇಗಂ’ ಎಂದರೆ ನಮ್ಮ ಜವ. ನಮ್ಮ ವೇಗಕ್ಕೆ ಅಲ್ಲಿ ‘ತಿಸೈವೇಗಂ’ ಎನ್ನುತ್ತಾರೆ. ತಿಸೈ ಎಂದರೆ ದಿಕ್ಕು. ಮಲಯಾಳಂನಲ್ಲೂ ದಿಕ್ಕು ಸೇರಿದ್ದಕ್ಕೆ ‘ಪ್ರವೇಗ’ ಎಂಬ ಬೇರೆ ಪದವಿದೆ. ಮರಾಠಿಯಲ್ಲಿ ಜವಕ್ಕೆ ‘ಚಾಲ್’, ತೆಲುಗಿನಲ್ಲಿ ‘ವಡಿ’. ಕಿವಿಗೆ ಒಂದೇ ಎನಿಸುವ ಪದಕ್ಕೆ ಎರಡು ಭಾಷೆಗಳಲ್ಲಿ ಎರಡು ಅರ್ಥ ಇರುವಾಗ ಎರಡನ್ನೂ ಕೇಳಿ ಬೆಳೆಯುವ ಮಗು ಗೊಂದಲಪಟ್ಟರೆ ಅದು ದಡ್ಡತನವಲ್ಲ.

ತಾಳವಾಡಿಯವರು ಸತ್ಯಮಂಗಲಕ್ಕೆ ಹೋಗುವಾಗ ಈ ವ್ಯತ್ಯಾಸವನ್ನು ಬಸ್ಸಿನಲ್ಲೇ ತೋರಿಸಬಹುದು. ದಿಂಬಂನಿಂದ ಬಣ್ಣಾರಿಗೆ ಇಳಿಯುವ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಒಂದು ತಿರುವಿನಲ್ಲಿ ಚಾಲಕ ಮೀಟರಿನ ಮುಳ್ಳನ್ನು 15ರಲ್ಲೇ ನಿಲ್ಲಿಸಿ ಬಸ್ಸು ತಿರುಗಿಸಿದ ಎಂದುಕೊಳ್ಳಿ. ಜವ ಬದಲಾಗಲಿಲ್ಲ. ಆದರೆ ಬಸ್ಸಿನ ಮುಖ ಒಂದು ದಿಕ್ಕಿನಿಂದ ಅದರ ಎದುರು ದಿಕ್ಕಿಗೆ ಹೊರಳಿತು, ಅಂದರೆ ವೇಗ ಬದಲಾಯಿತು. ವೇಗ ಬದಲಾದರೆ ಅಲ್ಲಿ ವೇಗೋತ್ಕರ್ಷ ಇದೆ, ವೇಗೋತ್ಕರ್ಷ ಇದ್ದಲ್ಲಿ ಬಲ ಇರಲೇಬೇಕು. ಆ ಬಲವನ್ನು ಕೊಡುವುದು ಮುಖ್ಯವಾಗಿ ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಮಳೆಯಲ್ಲಿ ರಸ್ತೆ ಜಾರಿದರೆ ಆ ಬಲ ಕಡಿಮೆಯಾಗುತ್ತದೆ. ಚಾಲಕ ಇನ್ನೂ ನಿಧಾನ ಮಾಡುವುದು ಅದಕ್ಕೇ.

ತಿರುವಿನಲ್ಲಿ ಮಗು ಹೊರಬದಿಗೆ ವಾಲುತ್ತದಲ್ಲ, ‘ನಿನ್ನನ್ನು ತಳ್ಳಿದವರು ಯಾರು?’ ಎಂದು ಕೇಳಿ. ಯಾರೂ ತಳ್ಳಲಿಲ್ಲ. ಬಸ್ಸು ತಿರುಗಿತು, ಮಗುವಿನ ದೇಹ ನೇರವಾಗಿಯೇ ಹೋಗಲು ನೋಡಿತು. ಇದೇ ಜಡತ್ವ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಗ್ರಂಥದ ಮೊದಲ ನಿಯಮ ಹೇಳುವುದೂ ಇದನ್ನೇ.

ಎರಡನೆಯ ತೊಡಕು ‘ಬಲ’ ಮತ್ತು ‘ಶಕ್ತಿ’. ಮನೆಯಲ್ಲಿ ನಾವು ‘ಶಕ್ತಿ ಹಾಕಿ ತಳ್ಳು’ ಎನ್ನುತ್ತೇವೆ. ಪುಸ್ತಕದಲ್ಲಿ ತಳ್ಳುವುದು, ಎಳೆಯುವುದು ಬಲ. ಕೆಲಸ ಮಾಡುವ ಸಾಮರ್ಥ್ಯ ಶಕ್ತಿ. ‘ಘರ್ಷಣೆ’ಯೂ ಹಾಗೆಯೇ. ಪತ್ರಿಕೆಯಲ್ಲಿ ಅದು ಎರಡು ಗುಂಪುಗಳ ಹೊಡೆದಾಟ, ಪಾಠದಲ್ಲಿ ಎರಡು ಮೇಲ್ಮೈಗಳ ಉಜ್ಜಾಟ. ಒಂದು ಗೋಲಿಯನ್ನು ಮರಳಿನ ಮೇಲೆ, ಮಣ್ಣಿನ ಅಂಗಳದಲ್ಲಿ, ಸಿಮೆಂಟು ನೆಲದಲ್ಲಿ ಒಂದೇ ರೀತಿ ಉರುಳಿಸಲು ಹೇಳಿ. ನೆಲ ನಯವಾದಷ್ಟೂ ಗೋಲಿ ದೂರ ಹೋಗುತ್ತದೆ. ‘ತಳ್ಳುವುದು ನಿಂತರೆ ವಸ್ತು ತಾನಾಗಿ ನಿಲ್ಲುತ್ತದೆ’ ಎಂದುಕೊಂಡ ಮಗು, ಅದನ್ನು ನಿಲ್ಲಿಸುವುದು ಘರ್ಷಣೆ ಎಂದು ಕಣ್ಣಾರೆ ಕಾಣುತ್ತದೆ.

ಮೂರನೆಯದು ‘ರಾಶಿ’ ಮತ್ತು ‘ತೂಕ’. ರೈತರ ಮಗುವಿಗೆ ರಾಶಿ ಎಂದರೆ ಕಣದಲ್ಲಿರುವುದು. ಪಾಠದಲ್ಲಿ ಅದು ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ. ಅಂಗಡಿಯವರು ‘ತೂಕ 50 ಕಿಲೋ’ ಎನ್ನುವ ರಾಗಿಮೂಟೆಗೆ ವಿಜ್ಞಾನದಲ್ಲಿ ರಾಶಿ 50 ಕಿಲೋಗ್ರಾಂ, ತೂಕ 490 ನ್ಯೂಟನ್. ತೂಕ ಎಂದರೆ ಭೂಮಿ ಆ ಮೂಟೆಯನ್ನು ಎಳೆಯುವ ಬಲ. 50ನ್ನು 9.8ರಿಂದ ಗುಣಿಸಿದರೆ ಸಿಗುತ್ತದೆ. ಅದೇ ಮೂಟೆ ಚಂದ್ರನ ಮೇಲಿದ್ದರೆ ರಾಶಿ 50 ಕಿಲೋಗ್ರಾಂ ಆಗಿಯೇ ಉಳಿಯುತ್ತದೆ, ತೂಕ ಮಾತ್ರ ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಇಷ್ಟು ಗೊತ್ತಾದರೆ ‘ಬಲ = ರಾಶಿ × ವೇಗೋತ್ಕರ್ಷ’ ಎಂಬ ಸೂತ್ರ ಬಾಯಿಪಾಠವಾಗಿ ಉಳಿಯುವುದಿಲ್ಲ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಆ ಜವದ ಬಸ್ಸು 5 ಸೆಕೆಂಡಿನಲ್ಲಿ ನಿಂತರೆ ಜವ ಪ್ರತಿ ಸೆಕೆಂಡಿಗೆ 2 ಮೀಟರಿನಂತೆ ಇಳಿಯುತ್ತದೆ. ನಿಂತು ಪ್ರಯಾಣಿಸುವ 50 ಕಿಲೋ ರಾಶಿಯ ಹುಡುಗನನ್ನು ಬಸ್ಸಿನ ಜೊತೆಯಲ್ಲೇ ನಿಲ್ಲಿಸಲು 100 ನ್ಯೂಟನ್ ಬಲ ಸಾಕು. ಅವನ ಕೈಯಲ್ಲಿರುವ ಕಂಬಿ ಮತ್ತು ಕಾಲ ಕೆಳಗಿನ ನೆಲ ಅಷ್ಟನ್ನು ಕೊಡುತ್ತವೆ. ಅದೇ ಬಸ್ಸು 1 ಸೆಕೆಂಡಿನಲ್ಲಿ ನಿಂತರೆ 500 ನ್ಯೂಟನ್ ಬೇಕು. ಹೆಚ್ಚುಕಡಿಮೆ ಒಂದು ಮೂಟೆ ರಾಗಿಯ ತೂಕ! ಕೈ ತಪ್ಪುವುದು ಆಗಲೇ. ನಿಲ್ಲುವ ಸಮಯ ಹೆಚ್ಚಿದರೆ ಬಲ ಕಡಿಮೆಯಾಗುತ್ತದೆ. ಹೆಲ್ಮೆಟ್ಟಿನ ಒಳಗಿನ ಮೆತ್ತೆ ಮಾಡುವುದೂ ಇದೇ ಕೆಲಸ. ಮಗನಿಗೆ ಬೈಕಿನ ಕೀಲಿ ಕೊಡುವ ಮನೆಯವರು ಈ ಲೆಕ್ಕವನ್ನು ಅವನ ಕೈಯಲ್ಲೇ ಮಾಡಿಸಬೇಕು.

ಇದೆಲ್ಲ ಯಾಕೆ ಹೇಳಿದೆನೆಂದರೆ, ತಮಿಳುನಾಡಿನ ಪಠ್ಯದಲ್ಲಿ ಹತ್ತನೇ ತರಗತಿ ವಿಜ್ಞಾನದ ಮೊದಲ ಪಾಠವೇ ಚಲನೆಯ ನಿಯಮಗಳು. ಅಲ್ಲಿ ಧೈರ್ಯ ಕಳೆದುಕೊಂಡ ಮಗು ಮುಂದಿನ ಪಾಠಗಳನ್ನೂ ಹೆದರಿಕೊಂಡೇ ಓದುತ್ತದೆ. ಹತ್ತು ಮುಗಿಸಿ ಪ್ಲಸ್ ಒನ್‌ಗೆ ತಮಿಳು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋದಾಗ ಇನ್ನೊಂದು ಪೆಟ್ಟು. ಗೊತ್ತಿರುವ ವಿಷಯವೇ ಬೇರೆ ಹೆಸರಿನಲ್ಲಿ ಬಂದಾಗ ‘ನನಗೆ ಏನೂ ಗೊತ್ತಿಲ್ಲ’ ಎಂದು ಮಗು ಕೈಚೆಲ್ಲುತ್ತದೆ. ವಿಜ್ಞಾನ ಬಿಟ್ಟು ಬೇರೆ ವಿಭಾಗಕ್ಕೆ ಹೋಗುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ವಿಷಯ ಗೊತ್ತಿರುತ್ತದೆ, ಹೆಸರು ಮಾತ್ರ ಗೊತ್ತಿರುವುದಿಲ್ಲ.

ಅದಕ್ಕೆ ಒಂದು ನೋಟುಪುಸ್ತಕ ಸಾಕು. ಪುಟಕ್ಕೆ ಮೂರು ಕಾಲಂ ಎಳೆಯಲು ಹೇಳಿ: ಕನ್ನಡ, ರಾಜ್ಯದ ಭಾಷೆ, ಇಂಗ್ಲಿಷ್. ತಮಿಳುನಾಡಿನ ಮಕ್ಕಳು ಹೀಗೆ ಶುರು ಮಾಡಲಿ:

ಬಲ – ವಿಸೈ – ಫೋರ್ಸ್
ಜವ – ವೇಗಂ – ಸ್ಪೀಡ್
ವೇಗ – ತಿಸೈವೇಗಂ – ವೆಲಾಸಿಟಿ
ವೇಗೋತ್ಕರ್ಷ – ಮುಡುಕ್ಕಂ – ಆಕ್ಸಲರೇಷನ್
ಜಡತ್ವ – ನಿಲೈಮಂ – ಇನರ್ಷಿಯಾ
ಸಂವೇಗ – ಉಂದಂ – ಮೊಮೆಂಟಂ
ಘರ್ಷಣೆ – ಉರಾಯ್ವು – ಫ್ರಿಕ್ಷನ್
ರಾಶಿ – ನಿರೈ – ಮಾಸ್
ತೂಕ – ಎಡೈ – ವೇಟ್

ಉಳಿದ ರಾಜ್ಯಗಳವರು ನಡುವಿನ ಕಾಲಂ ಅನ್ನು ತಮ್ಮ ಶಾಲೆಯ ಮಲಯಾಳಂ, ಮರಾಠಿ, ತೆಲುಗು ಶಿಕ್ಷಕರನ್ನು ಕೇಳಿ ತುಂಬಿಸಿಕೊಳ್ಳಲಿ. ದಿನಕ್ಕೆ ಎರಡು ಪದ ಸಾಕು. ಪ್ರತಿ ಪದದ ಕೆಳಗೆ ಮನೆಯಲ್ಲೋ ಹೊಲದಲ್ಲೋ ಕಂಡ ಒಂದು ಉದಾಹರಣೆಯನ್ನು ಮಗುವೇ ಕನ್ನಡದಲ್ಲಿ ಬರೆಯಬೇಕು. ಸಂಜೆ ನೀವು ಅದನ್ನು ಓದಿಸಿಕೊಂಡು ಕೇಳಿ. ನಿಮಗೆ ಅರ್ಥವಾಗುವಂತೆ ಮಗು ಹೇಳಬಲ್ಲದಾದರೆ ಪಾಠ ಅದಕ್ಕೆ ಬಂದಿದೆ ಎಂದೇ ತಿಳಿಯಿರಿ.