ತುಟಿಗಳ ಭಾಷಾಂತರ

ಕಾಸರಗೋಡಿನ ನಾವು ‘ಹಾಲು’ ಎಂದರೆ ಮಲೆಯಾಳದ ನೆರೆಯವರು ‘ಪಾಲ್’ ಎನ್ನುವರು. ನಮ್ಮ ‘ಹುಲಿ’ ಅವರಿಗೆ ‘ಪುಲಿ’. ಹಕಾರಕ್ಕೆ ತುಟಿಗಳು ತೆರೆದಿರುವುವು. ಓಷ್ಠ್ಯವಾದ ಪಕಾರಕ್ಕೆ ಅವು ಮುಚ್ಚಲೇಬೇಕು. ಕನ್ನಡ ಚಿತ್ರಕ್ಕೆ ಮಲೆಯಾಳದ ಧ್ವನಿಯನ್ನು ಕೂಡಿಸಿದಾಗ (2022ರ ‘ಕಾಂತಾರ’ಕ್ಕೆ ಹಾಗೆ ಕೂಡಿಸಿದ್ದರು) ಎರಡು ನುಡಿಗಳನ್ನೂ ಬಲ್ಲ ನಮಗೆ ಕಿವಿಯೂ ಕಣ್ಣೂ ಬೇರೆ ಬೇರೆ ಮಾತನ್ನು ಹೇಳುವುವು. ಹೊಸ ಧ್ವನಿಗೆ ತಕ್ಕಂತೆ ಚಿತ್ರದಲ್ಲಿನ ತುಟಿಗಳನ್ನೇ ಗಣಕಯಂತ್ರದಿಂದ ತಿದ್ದುವ ವಿದ್ಯೆಯೇ ದೃಶ್ಯ ಡಬ್ಬಿಂಗ್.

ಈ ಕಾರ್ಯವು ಎರಡು ಹಂತಗಳಲ್ಲಿ ಸಾಗುವುದು. ಮೊದಲನೆಯದು ಆಫ್‌ಲೈನ್ ಸಂಕಲನ. ಮೂಲಚಿತ್ರದ ಹಗುರವಾದ ಪ್ರತಿಯೊಂದನ್ನು ಮುಂದಿಟ್ಟುಕೊಂಡು, ಯಾವ ದೃಶ್ಯವನ್ನು ಎಲ್ಲಿಂದ ಎಲ್ಲಿಯವರೆಗೆ ತಿದ್ದಬೇಕೆಂದು ಇಲ್ಲಿ ನಿರ್ಣಯಿಸುವರು. ಇದು ಕರಡು ಮಾತ್ರ. ಇದನ್ನೇ ಹಿಗ್ಗಿಸಿದರೆ ಚಿತ್ರವು ಮಸುಕಾಗುವುದು. ಆದುದರಿಂದ ಎರಡನೆಯ ಹಂತವಾದ ಆನ್‌ಲೈನಿನಲ್ಲಿ, ಪ್ರತಿಯೊಂದು ದೃಶ್ಯದ ಟೈಮ್‌ಕೋಡನ್ನು ಹಿಡಿದು ಮೂಲಚಿತ್ರಕ್ಕೆ ಮರಳಿ, ಪೂರ್ಣ ಗುಣಮಟ್ಟದಲ್ಲಿ ತುಟಿಗಳನ್ನು ಪುನಃ ರಚಿಸುವರು. ಸೆಕೆಂಡಿಗೆ 24 ಚೌಕಟ್ಟುಗಳು; ಎರಡು ಮೂರು ಜಾರಿದರೂ ‘ಪಾಲ್’ ಎನ್ನುವಲ್ಲಿ ಮುಚ್ಚಬೇಕಾದ ಬಾಯಿ ತೆರೆದೇ ಇರುವುದು. ಹೊಸ ತುಟಿಯ ಬಣ್ಣವೂ ನೆರಳೂ ಸುತ್ತಲಿನ ಮುಖದೊಡನೆ ಬೆರೆಯಬೇಕು. ಕರಡಿನಲ್ಲಿ ಕಾಣದ ಮೀಸೆಯಂಚಿನ ಲೋಪ ದೊಡ್ಡ ತೆರೆಯಲ್ಲಿ ಬಯಲಾಗುವುದರಿಂದ, ಒಪ್ಪಿಸುವ ಮುನ್ನ ದೊಡ್ಡ ತೆರೆಯಲ್ಲಿಯೇ ಪರೀಕ್ಷಿಸತಕ್ಕದ್ದು.

ಇಷ್ಟೆಲ್ಲ ನಡೆದರೂ ಮುಖ ನಟನದೇ. ಆಡದ ಮಾತನ್ನು ಆಡಿದಂತೆ ತೋರಿಸಬಲ್ಲ ವಿದ್ಯೆಯಿದು. ಅವನ ಸಮ್ಮತಿಯೇ ಇದರ ಮೊದಲ ಹಂತವಾಗಬೇಕು. ಎರಡು ನುಡಿಗಳ ನಡುವೆ ಬಾಳುವ ನಾವು ಈ ಮಾತನ್ನು ಇತರರಿಗಿಂತ ಬೇಗನೆ ಅರಿಯಬಲ್ಲೆವು.