ಕಡಲಾಚೆಯ ಬಂಡೆಗಳು ಮತ್ತು ನಮ್ಮ ಮಕ್ಕಳು

ಮ್ಯಾಸನಾಯಕರ ಕಟ್ಟೆಮನೆಯಿಂದ ಹೆಸರಾದ ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದಿಂದ ಮೊಳಕಾಲ್ಮೂರಿನವರೆಗಿನ ಸೀಮೆಯಲ್ಲಿ ಬೆಳೆದವರಿಗೆ ಬಂಡೆ ಹೊಸದಲ್ಲ. ಮಳೆ ವಿರಳವಾದ ಈ ನಾಡಿನಲ್ಲಿ ಕುರಿ ಕಾಯುವ ಬಾಲಕನೂ ಗುಂಡುಗಲ್ಲಿನ ಮೇಲೆ ನಿಂತೇ ಮಂದೆಯತ್ತ ಕಣ್ಣಿಡುತ್ತಾನೆ. ಇಂತಹ ಊರುಗಳ ಮಕ್ಕಳು ಇಂದು ವ್ಯಾಸಂಗಕ್ಕೂ ಉದ್ಯೋಗಕ್ಕೂ ವಿದೇಶಗಳಿಗೆ ತೆರಳುತ್ತಿದ್ದಾರೆ. ವಾರವೆಲ್ಲ ನಾಲ್ಕು ಗೋಡೆಗಳ ನಡುವೆ ದುಡಿದ ಜೀವಕ್ಕೆ ರಜೆಯ ದಿನ ಬಂಡೆಯ ನೆನಪಾಗುವುದು ಸಹಜವೇ. ಆದರೆ "ಮಗ ಅಲ್ಲಿ ಬಂಡೆ ಹತ್ತುತ್ತಾನಂತೆ" ಎಂಬ ಸುದ್ದಿ ಊರಿನಲ್ಲಿರುವ ತಾಯಿಯ ನಿದ್ರೆಯನ್ನು ಕೆಡಿಸುತ್ತದೆ. ಈ ಆತಂಕಕ್ಕೆ ಅರಿವೇ ಮದ್ದು.

ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಜ್ಯೋತಿರಾಜ್ ಅವರು ಹಗ್ಗವಿಲ್ಲದೆ ಏರುವುದನ್ನು ನಮ್ಮಲ್ಲಿ ಅನೇಕರು ಬೆರಗಿನಿಂದ ಕಂಡಿದ್ದೇವೆ. ಅದು ದೀರ್ಘ ಸಾಧನೆಯ ಫಲ, ಅನುಕರಣೆಗೆ ತಕ್ಕುದಲ್ಲ. ಶಿಲಾರೋಹಣವೆಂದರೆ ಹಗ್ಗ, ಸೊಂಟದ ಪಟ್ಟಿ, ಶಿರಸ್ತ್ರಾಣ ಹಾಗೂ ನಂಬುಗೆಯ ಜೊತೆಗಾರನಿರುವ ಶಿಸ್ತಿನ ಕ್ರೀಡೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಮೊದಲ ಬಾರಿಗೆ ಸ್ಥಾನ ದೊರೆಯಿತು.

ಹೊಸ ದೇಶದಲ್ಲಿ ಬಂಡೆಯನ್ನು ಅರಸುವವರು ಮೊದಲು ಅರಸಬೇಕಾದುದು ಬಲ್ಲವರ ಸಂಗವನ್ನು. ಪಟ್ಟಣಗಳಲ್ಲಿ ಕೃತಕ ಗೋಡೆಗಳುಳ್ಳ ಒಳಾಂಗಣಗಳಿವೆ. ಗಂಟು ಹಾಕುವುದನ್ನೂ ಜೊತೆಗಾರನ ಹಗ್ಗವನ್ನು ಹಿಡಿಯುವುದನ್ನೂ ಅಲ್ಲಿ ಕಲಿಯಬಹುದು. ರಜೆಯ ದಿನ ಹೊರಗಿನ ಬಂಡೆಗಳಿಗೆ ಹೋಗುವ ಗೆಳೆಯರೂ ಅಲ್ಲಿಯೇ ದೊರೆಯುತ್ತಾರೆ. ಜರ್ಮನಿಯಲ್ಲಿ 1869ರಲ್ಲಿ ಸ್ಥಾಪಿತವಾದ ಆಲ್ಪೈನ್ ಸಂಘವಿದೆ. ಅದರ ಸದಸ್ಯರಿಗೆ ಪರ್ವತ ರಕ್ಷಣೆಯ ವಿಮೆಯೂ ಉಂಟು. ಬ್ರಿಟನ್ನಿನಲ್ಲಿ 1944ರಿಂದ ಬ್ರಿಟಿಷ್ ಮೌಂಟನಿಯರಿಂಗ್ ಕೌನ್ಸಿಲ್ ಇದೆ. ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಯಾವ ಬಂಡೆಯನ್ನು ಏರಬಾರದೆಂಬುದನ್ನೂ ಅದು ತಿಳಿಸುತ್ತದೆ.

ಪ್ಯಾರಿಸ್ ಬಳಿಯ ಫಾಂಟೆನ್‌ಬ್ಲೋ ಅರಣ್ಯದಲ್ಲಿ ಮರಳುಗಲ್ಲಿನ ಮೇಲೆ ಬಣ್ಣದ ಬಾಣಗಳನ್ನು ಬರೆದಿದ್ದಾರೆ. ಹಳದಿ ಸುಲಭದ ದಾರಿ, ಕಪ್ಪು ಬಹು ಕಠಿಣ. ಭಾಷೆ ಬಾರದವನೂ ತನ್ನ ಯೋಗ್ಯತೆಯನ್ನು ಅರಿತು ಏರಬಹುದು. ಅಮೆರಿಕದಲ್ಲಿರುವವರು ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಉದ್ಯಾನವನ್ನು ಕಂಡರೆ, ಒಣನೆಲದಲ್ಲಿ ರಾಶಿಬಿದ್ದ ಆ ಗುಂಡುಗಲ್ಲುಗಳ ನಡುವೆ ತಮ್ಮ ಊರನ್ನೇ ಕಂಡಂತಾದೀತು.

ಆದರೆ ಎಲ್ಲ ಕಲ್ಲೂ ನಮ್ಮ ಕಣಶಿಲೆಯಂತಲ್ಲ. ಮರಳುಗಲ್ಲು ಮಳೆಯಲ್ಲಿ ನೆನೆದರೆ ಬಲಗುಂದಿ, ಕೈಹಿಡಿಯ ಅಂಚೇ ಮುರಿದುಬರುತ್ತದೆ. ಆದ್ದರಿಂದಲೇ ಜರ್ಮನಿಯ ಸ್ಯಾಕ್ಸನಿಯಲ್ಲಿ ಒದ್ದೆ ಬಂಡೆಯನ್ನು ಏರಲು ನಿಷೇಧವಿದೆ.

ಬಂಡೆಗೆ ಒಡೆಯರೂ ಇದ್ದಾರೆ, ಅದನ್ನು ಪೂಜಿಸುವವರೂ ಇದ್ದಾರೆ. ಆಸ್ಟ್ರೇಲಿಯಾದ ಉಲುರು ಬಂಡೆ ಅಲ್ಲಿನ ಅನಂಗು ಜನರಿಗೆ ಪವಿತ್ರವಾದುದು. ಅವರ ಇಚ್ಛೆಗೆ ಮನ್ನಣೆಯಿತ್ತು 2019ರ ಅಕ್ಟೋಬರ್‌ನಲ್ಲಿ ಅದರ ಆರೋಹಣವನ್ನು ನಿಲ್ಲಿಸಲಾಯಿತು. ನಮಗಿದು ಅರ್ಥವಾಗದ ಮಾತಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ; 1892ರಲ್ಲಿ ಬಿ. ಎಲ್. ರೈಸ್ ಅವರು ಅವುಗಳನ್ನು ಬೆಳಕಿಗೆ ತಂದರು. ಆ ಅಕ್ಷರಗಳ ಮೇಲೆ ಪರದೇಶದವನೊಬ್ಬ ಕಾಲಿಟ್ಟರೆ ನಾವು ಸಹಿಸುವೆವೇ? ಪರರ ನೆಲದಲ್ಲಿ ನಮ್ಮ ಮಕ್ಕಳಿಗೂ ಅದೇ ವಿವೇಕವಿರಲಿ.

ಹೊರಡುವ ಮೊದಲೇ ಕಲಿಯಬಯಸುವವರಿಗೆ ನಮ್ಮ ರಾಜ್ಯದಲ್ಲಿಯೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ರಾಮನಗರದ ಕಣಶಿಲೆ, ಬಾದಾಮಿಯ ಮರಳುಗಲ್ಲು ಎರಡೂ ಆರೋಹಿಗಳಿಗೆ ಪರಿಚಿತವಾದ ತಾಣಗಳು.

ತಂದೆತಾಯಿಗಳಲ್ಲಿ ಒಂದು ವಿನಂತಿ. "ಹತ್ತಬೇಡ" ಎಂದು ಗದರಿದರೆ ಮಗ ಹತ್ತುವುದನ್ನು ಬಿಡಲಾರ, ನಿಮಗೆ ಹೇಳುವುದನ್ನು ಬಿಟ್ಟಾನು. ಅದರ ಬದಲು ದೂರವಾಣಿಯಲ್ಲಿ ಮೂರು ಮಾತು ಕೇಳಿರಿ: ಜೊತೆಗೆ ಯಾರಿದ್ದಾರೆ? ಗಂಟನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆಯೇ? ಎಷ್ಟು ಹೊತ್ತಿಗೆ ಹಿಂದಿರುಗುವೆ? ಪ್ರತಿ ವಾರವೂ ಉತ್ತರ ಕೊಡಬೇಕಾದ ಮಗ ಏರುವ ಮುನ್ನ ಒಮ್ಮೆ ಯೋಚಿಸುತ್ತಾನೆ. ಮನೆಯಲ್ಲಿರುವವರ ಮನಸ್ಸಿಗೂ ನೆಮ್ಮದಿ ದೊರೆಯುತ್ತದೆ.